ಇಟ್ಟಿಗೆ ಬಯಲಿನ ತಂಡ

(ಓದುಗರ ಬಳಗವೊಂದರ ಭಾನುವಾರದ ಕೂಟದಲ್ಲಿ ನಮ್ಮ ಸಿಬ್ಬಂದಿ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ)



ನಾನು ಇಂದು ನಿಮ್ಮೆದುರು ನಿಂತಿರುವುದಕ್ಕೆ ನಾನೇ ಮಾಡಿದ ಒಂದು ತಪ್ಪು ಕಾರಣ. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ. 2024ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಸೆಲ್ಟಿಕ್ ತಂಡ ಸ್ಲೊವಾನ್ ಬ್ರಾಟಿಸ್ಲಾವಾ ತಂಡವನ್ನು 5–1 ಗೋಲುಗಳಿಂದ ಸೋಲಿಸಿತು. ಮರುದಿನ ಮಧ್ಯಾಹ್ನ ಆ ವರದಿಯನ್ನು ನಾಲ್ಕು ಸಾಲಿಗೆ ಇಳಿಸಿ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ‘ಜೆಕ್ ತಂಡ ಸ್ಲೊವಾನ್’ ಎಂದು ಬರೆದೆ. ಮೇಜಿನಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ, ಹಾಗೆಯೇ ಅಚ್ಚಾಯಿತು.

ವಾರ ಕಳೆದ ಮೇಲೆ ಮೈಸೂರಿನಿಂದ ಒಂದು ಕಾರ್ಡು ಬಂತು. ಬರೆದವರು ಯಾದವಗಿರಿಯ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ‘ಮಾನ್ಯರೆ, ಜಾವಾ ಜೆಕ್ಕರದು, ಸ್ಲೊವಾನ್ ಸ್ಲೊವಾಕರದು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನಾವೂ ಬಹಳ ವರ್ಷ ಅದೇ ತಪ್ಪು ಮಾಡಿದವರೇ’ ಎಂದಷ್ಟೇ ಅದರಲ್ಲಿತ್ತು.

ನಿಜ. 1960ರ ದಶಕದ ಆರಂಭದಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಆ ಗಾಡಿಯಿಂದಾಗಿ ಜೆಕೊಸ್ಲೊವಾಕಿಯ ಎಂಬ ಉದ್ದನೆಯ ಹೆಸರು ನಮ್ಮ ಕಡೆಯವರಿಗೆ ಪರಿಚಿತವಾಯಿತು. ಆದರೆ ಹೆಸರಿನ ಮೊದಲರ್ಧ ಮಾತ್ರ ಬಾಯಲ್ಲಿ ಉಳಿಯಿತು. ಉತ್ತರಾರ್ಧವಾದ ಸ್ಲೊವಾಕಿಯಕ್ಕೆ ಈ ಮರೆವು ಹೊಸದಲ್ಲ. ಎಪ್ಪತ್ತು ವರ್ಷಗಳ ಕಾಲ ಆ ಜನ ಹೋದಲ್ಲೆಲ್ಲ ‘ನಾವು ಜೆಕ್ಕರಲ್ಲ’ ಎಂದು ವಿವರಿಸಬೇಕಾಗಿತ್ತು. ಹಾಗೆ ವಿವರಿಸುವ ಕೆಲಸವನ್ನು ಅವರ ಪರವಾಗಿ ಗಟ್ಟಿಯಾಗಿ ಮಾಡಿದ್ದು ಒಂದು ಫುಟ್‌ಬಾಲ್ ಕ್ಲಬ್ಬು. ಆ ಕಥೆಯಲ್ಲಿ ಹೆಮ್ಮೆ ಪಡುವ ಪುಟಗಳಿವೆ, ತಲೆ ತಗ್ಗಿಸುವ ಪುಟಗಳೂ ಇವೆ.

ಮೂರು ಹೆಸರಿನ ಊರು

ಬ್ರಾಟಿಸ್ಲಾವಾ ಡ್ಯಾನ್ಯೂಬ್ ನದಿಯ ದಂಡೆಯ ಊರು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಅಲ್ಲಿಂದ ಅರವತ್ತು ಕಿಲೊಮೀಟರಿನಷ್ಟೂ ದೂರವಿಲ್ಲ. 1914ರಲ್ಲಿ ಎರಡೂ ಊರುಗಳ ನಡುವೆ ವಿದ್ಯುತ್ ಟ್ರಾಮು ಓಡತೊಡಗಿತ್ತು. ಆಗ ಈ ಊರಿಗೆ ಬ್ರಾಟಿಸ್ಲಾವಾ ಎಂಬ ಹೆಸರೇ ಇರಲಿಲ್ಲ. ಜರ್ಮನ್ನರಿಗೆ ಅದು ಪ್ರೆಸ್‌ಬುರ್ಗ್, ಹಂಗೇರಿಯವರಿಗೆ ಪೊಜೊನಿ, ಸ್ಲೊವಾಕರಿಗೆ ಪ್ರೆಷ್ಪೊರೊಕ್. 1910ರ ಜನಗಣತಿಯ ಪ್ರಕಾರ ಜರ್ಮನ್ ಮಾತಾಡುವವರು ಶೇಕಡಾ 42ರಷ್ಟು, ಹಂಗೇರಿಯನ್ ಮಾತಾಡುವವರು ಶೇಕಡಾ 41ರಷ್ಟು ಇದ್ದರು. ಸ್ಲೊವಾಕ್ ಮಾತಾಡುವವರು ಶೇಕಡಾ 15ರ ಆಸುಪಾಸು. ಇಂದಿನ ರಾಜಧಾನಿಯಲ್ಲಿ ಅಂದು ಸ್ಲೊವಾಕರೇ ಅಲ್ಪಸಂಖ್ಯಾತರು.

ಮೊದಲ ಮಹಾಯುದ್ಧ ಮುಗಿದು ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯ ಒಡೆಯಿತು. 1918ರಲ್ಲಿ ಜೆಕ್ಕರು ಮತ್ತು ಸ್ಲೊವಾಕರು ಸೇರಿ ಹೊಸ ರಾಜ್ಯ ಕಟ್ಟಿದರು. 1919ರ ಮಾರ್ಚ್‌ನಲ್ಲಿ ಊರಿಗೆ ಬ್ರಾಟಿಸ್ಲಾವಾ ಎಂಬ ಹೆಸರು ಅಧಿಕೃತವಾಯಿತು. ಅದೇ ವರ್ಷ ಕ್ಲಬ್ಬೂ ಹುಟ್ಟಿತು. ಅದಕ್ಕಿಟ್ಟ ಹೆಸರು ‘ಪ್ರಥಮ ಜೆಕೊಸ್ಲೊವಾಕ್ ಕ್ರೀಡಾ ಕ್ಲಬ್ಬು, ಬ್ರಾಟಿಸ್ಲಾವಾ’. ಊರಿನಲ್ಲಿ ಚೆಂಡಾಟ ಮೊದಲೇ ಇತ್ತು. 1892ರಲ್ಲಿ ಹುಟ್ಟಿದ ಹಂಗೇರಿಯನ್ ವ್ಯಾಯಾಮ ಸಂಘವೊಂದಿತ್ತು. ಅದರ ವಂಶದ ತಂಡವೊಂದು ಈ ಕಥೆಯ ಕೊನೆಯ ಭಾಗದಲ್ಲಿ ಮತ್ತೆ ಬರುತ್ತದೆ. ಹೀಗಾಗಿ ‘ಪ್ರಥಮ’ ಎಂಬ ಮಾತಿಗೆ ಹೊಸ ರಾಜ್ಯದ ಮೊದಲ ಕ್ಲಬ್ಬು ಎಂದೇ ಅರ್ಥ. ಊರಿನ ಬಾಗಿಲಿಗೆ ಹೊಸ ಯಜಮಾನರು ಹಾಕಿದ ಹೆಸರಿನ ಹಲಗೆ ಅದು.

ಹೆಸರು ದೊಡ್ಡದಾದರೂ ಆಟದ ಅಧಿಕಾರ ಪ್ರಾಗ್ ನಗರದ ಕೈಯಲ್ಲಿತ್ತು. 1925ರಲ್ಲಿ ಆರಂಭವಾದ ವೃತ್ತಿಪರ ಲೀಗ್‌ನಲ್ಲಿ ಸ್ಲೊವಾಕ್ ನಾಡಿನ ತಂಡಕ್ಕೆ ಜಾಗ ಸಿಗಲು ಹತ್ತು ವರ್ಷ ಬೇಕಾಯಿತು. 1935ರಲ್ಲಿ ಆ ಜಾಗ ಪಡೆದದ್ದು ಇದೇ ಕ್ಲಬ್ಬು.

ನದಿಯಾಚೆ ಹೋದ ಮೈದಾನ

1938ರ ಮ್ಯೂನಿಕ್ ಒಪ್ಪಂದದ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಿಟ್ಲರ್‌ಗೆ ಜೆಕೊಸ್ಲೊವಾಕಿಯದ ಗಡಿ ಪ್ರದೇಶಗಳನ್ನು ಬಿಟ್ಟುಕೊಟ್ಟ ಒಪ್ಪಂದ ಅದು. ಈ ಕ್ಲಬ್ಬಿಗೆ ಅದರ ಬಿಸಿ ನೇರವಾಗಿ ತಟ್ಟಿತು. ಡ್ಯಾನ್ಯೂಬ್‌ನ ಬಲದಂಡೆಯ ಪೆತ್ರಜಲ್ಕಾ ಎಂಬ ಬಡಾವಣೆಯನ್ನು ಆ ವರ್ಷದ ಅಕ್ಟೋಬರ್‌ನಲ್ಲಿ ಜರ್ಮನಿ ತನ್ನದಾಗಿಸಿಕೊಂಡಿತು. ಊರಿನ ಆಟದ ಮೈದಾನಗಳು ಹೆಚ್ಚಾಗಿ ಇದ್ದದ್ದು ಅಲ್ಲೇ. ನಿನ್ನೆಯವರೆಗೆ ಸೇತುವೆ ದಾಟಿ ಆಡಲು ಹೋಗುತ್ತಿದ್ದ ಜಾಗ ಬೆಳಗಾಗುವಷ್ಟರಲ್ಲಿ ಪರದೇಶವಾಯಿತು.

ಹೊಸ ಮೈದಾನಕ್ಕೆ ಎಡದಂಡೆಯಲ್ಲಿ ಜಾಗ ಹುಡುಕಿದರು. ಸಿಕ್ಕಿದ್ದು ಹಿಂದೆ ಇಟ್ಟಿಗೆಗೆ ಮಣ್ಣು ತೆಗೆಯುತ್ತಿದ್ದ ಬಯಲು. ಸ್ಲೊವಾಕ್ ಭಾಷೆಯಲ್ಲಿ ಅದಕ್ಕೆ ‘ತೆಹೆಲ್ನೆ ಪೊಲೆ’ ಎನ್ನುತ್ತಾರೆ, ಇಟ್ಟಿಗೆ ಬಯಲು ಎಂದರ್ಥ. 1940ರಲ್ಲಿ ಅಲ್ಲಿ ಕ್ರೀಡಾಂಗಣ ಸಿದ್ಧವಾಯಿತು. ತಂಡದ ಹೆಸರು ಮುಂದೆ ಎಷ್ಟೋ ಸಲ ಬದಲಾಯಿತು, ಬಯಲಿನ ಹೆಸರು ಹಾಗೇ ಉಳಿಯಿತು.

ಎಣಿಸಲು ಕಷ್ಟವಾಗುವ ನಾಲ್ಕು

ಈಗ ಕಥೆಯ ಕಹಿ ಭಾಗಕ್ಕೆ ಬರುತ್ತೇನೆ. 1939ರ ಮಾರ್ಚ್ 14ರಂದು ಸ್ಲೊವಾಕಿಯ ಪ್ರತ್ಯೇಕ ರಾಜ್ಯವಾಯಿತು. ಹೆಸರಿಗೆ ಸ್ವತಂತ್ರವಾದರೂ ಅದು ಹಿಟ್ಲರ್‌ನ ಜರ್ಮನಿಯ ನೆರಳಿನಲ್ಲಿ ನಿಂತಿದ್ದ ರಾಜ್ಯ. ಕ್ಲಬ್ಬಿನ ಹೆಸರಿನಿಂದ ‘ಜೆಕೊಸ್ಲೊವಾಕ್’ ಹೋಗಿ ಬರೇ ‘ಎಸ್.ಕೆ. ಬ್ರಾಟಿಸ್ಲಾವಾ’ ಉಳಿಯಿತು. ಪ್ರಾಗ್‌ನ ತಂಡಗಳಿಲ್ಲದ ಸ್ಲೊವಾಕ್ ಲೀಗ್‌ನಲ್ಲಿ ಅದು 1940, 1941, 1942 ಮತ್ತು 1944ರಲ್ಲಿ ಚಾಂಪಿಯನ್ ಆಯಿತು.

ಇದರಲ್ಲಿ 1942 ಎಂಬ ಇಸವಿಯ ಮುಂದೆ ಸ್ವಲ್ಪ ನಿಲ್ಲಬೇಕು. ಆ ವರ್ಷದ ಮಾರ್ಚ್ 25ರಂದು ಪೊಪ್ರಾದ್ ಎಂಬ ಊರಿನಿಂದ ಯೆಹೂದಿ ಯುವತಿಯರನ್ನು ತುಂಬಿಕೊಂಡ ಮೊದಲ ರೈಲು ಆಶ್ವಿಟ್ಸ್‌ಗೆ ಹೊರಟಿತು. ಅಕ್ಟೋಬರ್ ವೇಳೆಗೆ ಸುಮಾರು 58 ಸಾವಿರ ಯೆಹೂದಿಗಳನ್ನು ಸ್ಲೊವಾಕಿಯದಿಂದ ಸಾಗಿಸಲಾಗಿತ್ತು. ಅವರಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು ಮಂದಿ. ಸಾಗಿಸಿದ್ದು ಜರ್ಮನಿಯ ಸೇನೆಯಲ್ಲ, ಆ ಸ್ಲೊವಾಕ್ ರಾಜ್ಯದ ಸರ್ಕಾರವೇ ತನ್ನ ಪೊಲೀಸರ ಮತ್ತು ಪಕ್ಷದ ಕಾವಲುಪಡೆಯ ಕೈಯಿಂದ ಮಾಡಿಸಿದ ಕೆಲಸ. ಲೀಗ್ ಪಂದ್ಯಗಳು ನಡೆಯುತ್ತಿದ್ದ ದಿನಗಳಲ್ಲೇ ಈ ರೈಲುಗಳೂ ಹೊರಡುತ್ತಿದ್ದವು.

ಆಟಗಾರರ ಮೇಲೆ ಇದರ ಹೊಣೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ಸ್ಲೊವಾಕರಿಗೆ ಸ್ವಂತ ಲೀಗ್, ಸ್ವಂತ ಪ್ರಶಸ್ತಿ ಮೊದಲ ಬಾರಿಗೆ ಸಿಕ್ಕಿದ್ದು ಇಂಥ ರಾಜ್ಯದಲ್ಲಿ ಎಂಬುದನ್ನು ಮರೆಮಾಚಿ ಕ್ಲಬ್ಬಿನ ಚರಿತ್ರೆ ಹೇಳಲಾಗದು. ಪ್ರಶಸ್ತಿಗಳ ಪಟ್ಟಿಯಲ್ಲಿ ಆ ನಾಲ್ಕನ್ನು ಎಣಿಸುವವರು ಆ ರೈಲುಗಳನ್ನೂ ನೆನೆಯಬೇಕಾಗುತ್ತದೆ.

ಪ್ರಾಗ್‌ನ ಹೊರಗೆ

1945ರಲ್ಲಿ ಜೆಕೊಸ್ಲೊವಾಕಿಯ ಮತ್ತೆ ಒಂದಾಯಿತು, ಪೆತ್ರಜಲ್ಕಾ ಮರಳಿ ಬಂತು. 1946ರಲ್ಲಿ ಬುಡಾಪೆಸ್ಟಿನಿಂದ ಹತ್ತೊಂಬತ್ತರ ಹುಡುಗನೊಬ್ಬ ಈ ತಂಡಕ್ಕೆ ಬಂದ. ಅವರೇ ಲಾದಿಸ್ಲಾವ್ ಕುಬಾಲಾ. ಸ್ಲೊವಾಕ್ ಮೂಲದ ಕುಟುಂಬ, ಹುಟ್ಟಿದ್ದು ಹಂಗೇರಿಯಲ್ಲಿ. ಇಲ್ಲಿ ಆಡುತ್ತಲೇ ತರಬೇತುದಾರ ಫರ್ದಿನಾಂದ್ ದೌಚಿಕ್ ಅವರ ತಂಗಿಯನ್ನು ಮದುವೆಯಾದರು. 1948ರಲ್ಲಿ ಹಂಗೇರಿಗೆ ಮರಳಿ, 1949ರ ಜನವರಿಯಲ್ಲಿ ಸೋವಿಯತ್ ಸೈನಿಕನ ವೇಷ ತೊಟ್ಟು ಲಾರಿಯಲ್ಲಿ ಕುಳಿತು ಗಡಿ ದಾಟಿದರು. ಕೊನೆಗೆ ಸೇರಿದ್ದು ಸ್ಪೇನಿನ ಬಾರ್ಸಿಲೋನ ಕ್ಲಬ್ಬನ್ನು. ಬಾವ ದೌಚಿಕ್ ಅಲ್ಲಿ ತರಬೇತುದಾರರಾದರು. ಕುಬಾಲಾ ಅಲ್ಲಿನ ದಂತಕಥೆಯಾದರು. ಜೆಕೊಸ್ಲೊವಾಕಿಯ, ಹಂಗೇರಿ, ಸ್ಪೇನ್ ಹೀಗೆ ಮೂರು ದೇಶಗಳ ಪರ ಆಡಿದ ಅಪರೂಪದ ಆಟಗಾರ ಅವರು. ಬಾರ್ಸಿಲೋನ ಎಂಬ ಹೆಸರನ್ನು ನೆನಪಿಡಿ.

1948ರ ಫೆಬ್ರುವರಿಯಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಕ್ಲಬ್ಬುಗಳೆಲ್ಲ ಸರ್ಕಾರಿ ವ್ಯವಸ್ಥೆಯೊಳಗೆ ಬಂದವು. ನಮ್ಮ ತಂಡಕ್ಕೆ ‘ಸೊಕೊಲ್ ಎನ್.ವಿ.’ ಎಂಬ ಹೆಸರು ಬಂತು. ಎನ್.ವಿ. ಎಂದರೆ ರಾಷ್ಟ್ರೀಯ ಸಮಿತಿ, ಅಂದರೆ ಆಡಳಿತ ಕಚೇರಿ. ಆ ಕಚೇರಿಯ ಹೆಸರಿನಲ್ಲೇ 1949ರಲ್ಲಿ ತಂಡ ಜೆಕೊಸ್ಲೊವಾಕಿಯದ ಚಾಂಪಿಯನ್ ಆಯಿತು. 1925ರಿಂದ ಅಲ್ಲಿಯವರೆಗೆ ಈ ಪ್ರಶಸ್ತಿ ಪ್ರಾಗ್ ನಗರದ ಹೊರಗೆ ಒಮ್ಮೆಯೂ ಹೋಗಿರಲಿಲ್ಲ. 1950, 1951ರಲ್ಲೂ ಇವರೇ ಗೆದ್ದರು. 1953ರಲ್ಲಿ ‘ಸ್ಲೊವಾನ್’ ಎಂಬ ಇಂದಿನ ಹೆಸರು ಬಂತು. ‘ಸ್ಲಾವ್ ಜನಾಂಗದವನು’ ಎಂಬುದು ಅದರ ಅರ್ಥ.

ಬಾಸೆಲ್‌ನ ಸಂಜೆ

1968ರ ಜನವರಿಯಲ್ಲಿ ಅಲೆಕ್ಸಾಂಡರ್ ಡುಬ್‌ಚೆಕ್ ಎಂಬ ಸ್ಲೊವಾಕ್ ನಾಯಕ ಜೆಕೊಸ್ಲೊವಾಕಿಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾದರು. ಪತ್ರಿಕೆಗಳ ಮೇಲಿನ ಕಡಿವಾಣ ಸಡಿಲವಾಯಿತು. ‘ಪ್ರಾಗ್ ವಸಂತ’ ಎಂದು ಜಗತ್ತು ಕರೆದ ಕಾಲ ಅದು. ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಸೇನೆ ದೇಶದೊಳಗೆ ನುಗ್ಗಿತು. 21ರ ಬೆಳಿಗ್ಗೆ ಬ್ರಾಟಿಸ್ಲಾವಾದ ಬೀದಿಗಳಲ್ಲೂ ಟ್ಯಾಂಕುಗಳು ನಿಂತಿದ್ದವು.

ಆ ಶರತ್ಕಾಲದಲ್ಲಿ ಯೂರೋಪಿನ ‘ಕಪ್ ವಿಜೇತರ ಕಪ್’ ಟೂರ್ನಿ ಆರಂಭವಾಗಬೇಕಿತ್ತು. ಪಶ್ಚಿಮದ ಕ್ಲಬ್ಬುಗಳು ದಾಳಿಯಲ್ಲಿ ಪಾಲ್ಗೊಂಡ ದೇಶಗಳ ತಂಡಗಳೊಂದಿಗೆ ಆಡಲು ಒಪ್ಪಲಿಲ್ಲ. ಯೂರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಯೆಫಾ ಮೊದಲ ಸುತ್ತಿನ ಜೋಡಿಗಳನ್ನು ಬದಲಿಸಿತು. ಇದನ್ನು ಪ್ರತಿಭಟಿಸಿ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿ, ಪೂರ್ವ ಜರ್ಮನಿ ಮತ್ತು ಬಲ್ಗೇರಿಯ ಹಿಂದೆ ಸರಿದವು. ಟ್ಯಾಂಕು ಕಳಿಸಿದವರು ಕೂಟದಿಂದ ಹೊರಗುಳಿದರು, ಟ್ಯಾಂಕಿಗೆ ಸಿಕ್ಕವರು ಕಣದಲ್ಲಿ ಉಳಿದರು.

ಸ್ಲೊವಾನ್ ಮೊದಲು ಯುಗೊಸ್ಲಾವಿಯದ ಬೋರ್ ತಂಡವನ್ನು ದಾಟಿತು. ಪೋರ್ಚುಗಲ್ಲಿನ ಪೋರ್ಟೊದಲ್ಲಿ 0–1ರಿಂದ ಸೋತು, ತವರಿನ ಇಟ್ಟಿಗೆ ಬಯಲಿನಲ್ಲಿ 4–0ರಿಂದ ಸೇಡು ತೀರಿಸಿಕೊಂಡಿತು. ಇಟಲಿಯ ತೊರಿನೊ ತಂಡವನ್ನು ಎರಡೂ ಪಂದ್ಯಗಳಲ್ಲಿ ಮಣಿಸಿತು. ಸೆಮಿಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ತಂಡದೊಂದಿಗೆ ಅಲ್ಲಿ 1–1, ಇಲ್ಲಿ 1–0. ಈ ನಡುವೆ ದೇಶದಲ್ಲಿ ಗಾಳಿ ತಿರುಗಿತು. 1969ರ ಏಪ್ರಿಲ್ 17ರಂದು ಡುಬ್‌ಚೆಕ್‌ರನ್ನು ಇಳಿಸಿ ಗುಸ್ತಾವ್ ಹುಸಾಕ್‌ರನ್ನು ಕೂರಿಸಿದರು.

ಫೈನಲ್ ಪಂದ್ಯ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, 1969ರ ಮೇ 21ರಂದು. ಟ್ಯಾಂಕುಗಳು ಬಂದು ಅಂದಿಗೆ ಸರಿಯಾಗಿ ಒಂಬತ್ತು ತಿಂಗಳು. ಎದುರಾಳಿ ಬಾರ್ಸಿಲೋನ. ಕುಬಾಲಾ ಬಿಟ್ಟುಹೋದ ತಂಡ, ಕುಬಾಲಾ ಹೋಗಿ ಸೇರಿದ ತಂಡ. ಗೆಲ್ಲುವ ಕುದುರೆ ಬಾರ್ಸಿಲೋನ ಎಂಬುದರಲ್ಲಿ ಹೆಚ್ಚಿನವರಿಗೆ ಸಂಶಯವಿರಲಿಲ್ಲ.

ಎರಡನೇ ನಿಮಿಷದಲ್ಲೇ ಲುದೊವಿತ್ ಸ್ವೆತ್ಲೆರ್ ಗೋಲು ಹೊಡೆದರು. ಹದಿನಾರನೇ ನಿಮಿಷದಲ್ಲಿ ಬಾರ್ಸಿಲೋನದ ಸಲ್ದುವಾ ಸಮ ಮಾಡಿದರು. ಮೂವತ್ತನೇ ನಿಮಿಷದಲ್ಲಿ ರಕ್ಷಣಾ ಆಟಗಾರ ವ್ಲಾದಿಮಿರ್ ಹ್ರಿವ್ನಾಕ್ ಮುನ್ನುಗ್ಗಿ ಗೋಲು ಗಳಿಸಿದರು. ನಲವತ್ತೆರಡನೇ ನಿಮಿಷದಲ್ಲಿ ಯಾನ್ ಚಾಪ್ಕೊವಿಚ್ ಮೂರನೆಯದನ್ನು ಸೇರಿಸಿದರು. ಅವರ ಅವಳಿ ಸೋದರ ಯೋಜೆಫ್ ಕೂಡ ಅಂದು ಕಣದಲ್ಲಿದ್ದರು. ವಿರಾಮದ ನಂತರ ರೆಶಾಕ್ ಮೂಲೆಯಿಂದ ಒದ್ದ ಚೆಂಡು ಯಾರಿಗೂ ತಾಗದೆ ನೇರವಾಗಿ ಗೋಲಿನೊಳಗೆ ಹೋಯಿತು, 3–2. ಉಳಿದ ಮೂವತ್ತೆಂಟು ನಿಮಿಷ ಗೋಲಿ ಅಲೆಕ್ಸಾಂಡರ್ ವೆಂತ್ಸೆಲ್ ಬಾಗಿಲು ಕಾದರು. ನಾಯಕ ಅಲೆಕ್ಸಾಂಡರ್ ಹೊರ್ವಾತ್ ಕಪ್ಪನ್ನು ಎತ್ತಿ ಹಿಡಿದರು. ತರಬೇತುದಾರರು ಮಿಖಲ್ ವಿಚಾನ್.

ಸೋವಿಯತ್ ಬಣದ ತಂಡವೊಂದು ಯುಯೆಫಾದ ಕಪ್ ಗೆದ್ದದ್ದು ಅದೇ ಮೊದಲು. ಜೆಕೊಸ್ಲೊವಾಕಿಯ ಇದ್ದಷ್ಟು ಕಾಲ ಅಂಥ ಕಪ್ ಗೆದ್ದ ಕ್ಲಬ್ಬು ಇನ್ನೊಂದಿಲ್ಲ. ಆ ಗೆಲುವಿನಿಂದ ಟ್ಯಾಂಕುಗಳೇನೂ ಹಿಂದಿರುಗಲಿಲ್ಲ. ಸೋವಿಯತ್ ಸೇನೆ ಹೋದದ್ದು 1991ರಲ್ಲಿ. ಆದರೆ ಸೋತು ಕೂತಿದ್ದ ಜನಕ್ಕೆ ಒಂದು ಸಂಜೆಯ ಮಟ್ಟಿಗಾದರೂ ಬೀದಿಗಿಳಿದು ಕೂಗಲು ಕಾರಣ ಸಿಕ್ಕಿತು. ಮೆರವಣಿಗೆ, ಸಭೆ ಎಲ್ಲಕ್ಕೂ ಅಂಜಿಕೆ ಇದ್ದ ದಿನಗಳಲ್ಲಿ ಅದು ಸಣ್ಣ ಮಾತಲ್ಲ.

ಹನ್ನೊಂದರಲ್ಲಿ ಆರು

1968ರಿಂದ 1975ರವರೆಗಿನ ಎಂಟು ವರ್ಷ ಲೀಗ್ ಪ್ರಶಸ್ತಿ ಸ್ಲೊವಾಕ್ ನಾಡು ಬಿಟ್ಟು ಹೋಗಲೇ ಇಲ್ಲ. ನೆರೆಯ ತರ್ನಾವಾ ಊರಿನ ಸ್ಪಾರ್ಟಾಕ್ ಐದು ಸಲ ಗೆದ್ದರೆ, ಸ್ಲೊವಾನ್ 1970, 1974 ಮತ್ತು 1975ರಲ್ಲಿ ಗೆದ್ದಿತು. ಇವೆರಡರ ನಡುವಿನ ಜಿದ್ದು ಇಂದಿಗೂ ಆರಿಲ್ಲ.

1976ರ ಜೂನ್ 20ರಂದು ಬೆಲ್‌ಗ್ರೇಡ್‌ನಲ್ಲಿ ಜೆಕೊಸ್ಲೊವಾಕಿಯ ತಂಡ ಪಶ್ಚಿಮ ಜರ್ಮನಿಯನ್ನು ಮಣಿಸಿ ಯೂರೋಪಿನ ಚಾಂಪಿಯನ್ ಆಯಿತು. ಪಂದ್ಯ 2–2ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಕೊನೆಯ ಒದೆತವನ್ನು ಆಂತೊನಿನ್ ಪನೆಂಕಾ ಮೆಲ್ಲಗೆ ಎತ್ತಿ ಗೋಲಿಯನ್ನು ಬೇಸ್ತು ಬೀಳಿಸಿದ್ದು ಫುಟ್‌ಬಾಲ್ ಬಲ್ಲವರಿಗೆಲ್ಲ ಗೊತ್ತು. ಪನೆಂಕಾ ಪ್ರಾಗ್‌ನವರು. ಆದರೆ ಅಂದು ಕಣಕ್ಕಿಳಿದ ಹನ್ನೊಂದು ಜನರಲ್ಲಿ ಎಂಟು ಮಂದಿ ಸ್ಲೊವಾಕ್ ಕ್ಲಬ್ಬುಗಳವರು, ಅವರಲ್ಲಿ ಆರು ಮಂದಿ ಸ್ಲೊವಾನ್‌ನವರು. ಪಿವಾರ್ನಿಕ್, ನಾಯಕ ಒಂದ್ರುಷ್, ಯೋಜೆಫ್ ಚಾಪ್ಕೊವಿಚ್, ಗೆಗ್, ಮಾಸ್ನಿ ಮತ್ತು ಮೊದಲ ಗೋಲು ಹೊಡೆದ ಷ್ವೆಹ್ಲಿಕ್. ಪನೆಂಕಾ ಹೆಸರು ಉಳಿಯಿತು, ಉಳಿದವರ ಹೆಸರು ಹಿಂದೆ ಸರಿಯಿತು. ನಾನು ‘ಜೆಕ್ ತಂಡ’ ಎಂದು ಬರೆದದ್ದೂ ಅದೇ ಜಾಡಿನ ತಪ್ಪು.

ಆ ತಂಡದ ಸಹಾಯಕ ತರಬೇತುದಾರರು ಯೋಜೆಫ್ ವೆಂಗ್ಲೋಷ್. ಸ್ಲೊವಾನ್‌ನಲ್ಲೇ ಆಡಿ, 1974 ಮತ್ತು 1975ರಲ್ಲಿ ಅದನ್ನು ಗೆಲ್ಲಿಸಿದವರು. 1990ರಲ್ಲಿ ಅವರು ಆಸ್ಟನ್ ವಿಲ್ಲಾ ತಂಡದ ಹೊಣೆ ಹೊತ್ತಾಗ, ಬ್ರಿಟನ್ ಮತ್ತು ಐರ್ಲೆಂಡಿನ ಹೊರಗಿನವರೊಬ್ಬರು ಇಂಗ್ಲೆಂಡಿನ ಅಗ್ರ ದರ್ಜೆಯ ತಂಡವನ್ನು ನಡೆಸಿದ್ದು ಅದೇ ಮೊದಲು. 2021ರಲ್ಲಿ ಅವರು ತೀರಿಕೊಂಡರು.

ದೇಶ ಚಿಕ್ಕದಾದಾಗ

1980ರ ದಶಕದಲ್ಲಿ ಸ್ಲೊವಾನ್ ಒಮ್ಮೆ ಕೆಳದರ್ಜೆಗೆ ಜಾರಿ ಮತ್ತೆ ಮೇಲೆ ಬಂತು. 1992ರಲ್ಲಿ ಪೀಟರ್ ದುಬೊವ್‌ಸ್ಕಿ ಎಂಬ ಇಪ್ಪತ್ತರ ತರುಣನ 27 ಗೋಲುಗಳ ಬಲದಿಂದ ಎಂಟನೆಯ ಹಾಗೂ ಕೊನೆಯ ಜೆಕೊಸ್ಲೊವಾಕ್ ಪ್ರಶಸ್ತಿ ಗೆದ್ದಿತು. 1993ರ ಜನವರಿ 1ರಂದು ರಕ್ತಪಾತವಿಲ್ಲದೆ ದೇಶ ಎರಡಾಯಿತು. ತಮಾಷೆಯೆಂದರೆ, ದೇಶ ಇಲ್ಲವಾದ ಮೇಲೂ ಅರ್ಧಕ್ಕೆ ನಿಂತಿದ್ದ ಅದರ ಲೀಗನ್ನು ಬೇಸಿಗೆಯವರೆಗೆ ಆಡಿ ಮುಗಿಸಿದರು! ದುಬೊವ್‌ಸ್ಕಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. 2000ದಲ್ಲಿ ಥಾಯ್ಲೆಂಡಿನ ಜಲಪಾತವೊಂದರ ಬಳಿ ಬಿದ್ದು ಅಕಾಲ ಮರಣಕ್ಕೆ ತುತ್ತಾದರು.

ಸ್ವಂತ ದೇಶ ಬಂತು, ಆದರೆ ಸುಮಾರು 54 ಲಕ್ಷ ಜನರ ಪುಟ್ಟ ದೇಶ. ಪ್ರಾಗ್‌ನ ತಂಡಗಳನ್ನು ಸೋಲಿಸುವ ಸುಖವೂ ಹೋಯಿತು, ಅವುಗಳೊಂದಿಗೆ ಆಡಿ ಬರುತ್ತಿದ್ದ ಹಣವೂ ಹೋಯಿತು. 1994ರಿಂದ ಮೂರು ವರ್ಷ ಸತತವಾಗಿ, ಮತ್ತೆ 1999ರಲ್ಲಿ ಗೆದ್ದ ಸ್ಲೊವಾನ್ 2004ರಲ್ಲಿ ಎರಡನೇ ದರ್ಜೆಗೆ ಕುಸಿಯಿತು. ಅದೇ ವರ್ಷ ಹದಿನೇಳರ ಹುಡುಗ ಮಾರೆಕ್ ಹಮ್‌ಷಿಕ್‌ರನ್ನು ಇಟಲಿಯ ಬ್ರೆಶಾ ಕ್ಲಬ್ಬಿಗೆ ಮಾರಿತು. ಅವರು ಮುಂದೆ ನಾಪೊಲಿಯ ನಾಯಕರಾದರು. ಬೆಳೆಸುವುದು ಇಲ್ಲಿ, ಫಲ ಉಣ್ಣುವುದು ಬೇರೆಡೆ. ಸಣ್ಣ ದೇಶದ ಕ್ಲಬ್ಬುಗಳ ಹಣೆಬರಹವೇ ಹೀಗೆ.

2005ರಲ್ಲಿ ಇನ್ನೂ ದೊಡ್ಡ ಅಪಹಾಸ್ಯ ಕಾದಿತ್ತು. ಪೆತ್ರಜಲ್ಕಾದ ಆರ್ಟ್‌ಮೀಡಿಯಾ ತಂಡ, ಅಂದರೆ ಮೊದಲೇ ಹೇಳಿದ 1892ರ ಹಂಗೇರಿಯನ್ ಸಂಘದ ವಂಶದ ತಂಡ, ಸೆಲ್ಟಿಕ್‌ಗೆ 5–0ರ ಪೆಟ್ಟು ಕೊಟ್ಟು ಚಾಂಪಿಯನ್ಸ್ ಲೀಗ್ ಸೇರಿತು. ಅದು ತವರಿನ ಪಂದ್ಯಗಳನ್ನು ಆಡಿದ್ದು ಸ್ಲೊವಾನ್‌ನ ಇಟ್ಟಿಗೆ ಬಯಲಿನಲ್ಲೇ. ಮನೆಯ ಯಜಮಾನ ಆಗ ಎರಡನೇ ದರ್ಜೆಯಲ್ಲಿದ್ದ.

ಹೊಸ ಅಂಗಣ, ಹಳೆ ಪ್ರಶ್ನೆ

ಹಳೆಯ ಕ್ರೀಡಾಂಗಣವನ್ನು 2013ರಲ್ಲಿ ಕೆಡವಿದರು. ಅದೇ ಜಾಗದಲ್ಲಿ 22,500 ಆಸನಗಳ ಹೊಸದನ್ನು ಕಟ್ಟಿ 2019ರ ಮಾರ್ಚ್‌ನಲ್ಲಿ ತರ್ನಾವಾ ಎದುರಿನ ಪಂದ್ಯದೊಂದಿಗೆ ತೆರೆದರು. ಆ ವರ್ಷದಿಂದ 2025ರವರೆಗೆ ಸತತ ಏಳು ಬಾರಿ ಸ್ಲೊವಾನ್ ಚಾಂಪಿಯನ್.

ಆದರೆ ಅದೇ 2019ರಲ್ಲಿ ಅದರ ಕೆಲವು ಅಭಿಮಾನಿಗಳ ಜನಾಂಗದ್ವೇಷದ ವರ್ತನೆಗಾಗಿ ಯುಯೆಫಾ ದಂಡನೆ ವಿಧಿಸಿತು. ಅಕ್ಟೋಬರ್ 24ರಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ತಂಡದೊಂದಿಗಿನ ಪಂದ್ಯಕ್ಕೆ ಮಾಮೂಲು ಪ್ರೇಕ್ಷಕರನ್ನು ಬಿಡಲಿಲ್ಲ. ಬದಲಿಗೆ ಸಾವಿರಾರು ಮಕ್ಕಳು ಬಂದು ಅಂಗಣ ತುಂಬಿದರು. 1942ರ ರೈಲುಗಳನ್ನು ನೆನೆಯಬೇಕೆಂದು ನಾನು ಹೇಳಿದ್ದು ಇದಕ್ಕೇ. ‘ನಾವು ಯಾರು’ ಎಂದು ಜಗತ್ತಿಗೆ ಸಾರಲು ಹೊರಟ ಕ್ಲಬ್ಬು ‘ನಮ್ಮವರಲ್ಲದವರು ಯಾರು’ ಎಂದು ಕೂಗುವವರ ಕೈಗೂ ಸುಲಭವಾಗಿ ಸಿಕ್ಕಿಬಿಡುತ್ತದೆ. ಎರಡರ ನಡುವಿನ ಗೆರೆ ತೆಳುವಾದದ್ದು, ಪ್ರತಿ ತಲೆಮಾರೂ ಅದನ್ನು ಕಾಯಬೇಕಾಗುತ್ತದೆ.

2024ರಲ್ಲಿ ಸ್ಲೊವಾನ್ ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತ ತಲುಪಿತು. ತರಬೇತುದಾರರು ವ್ಲಾದಿಮಿರ್ ವೈಸ್, 2005ರಲ್ಲಿ ಆರ್ಟ್‌ಮೀಡಿಯಾವನ್ನು ಅಲ್ಲಿಗೆ ಒಯ್ದವರೂ ಅವರೇ. ಎಂಟು ಪಂದ್ಯ ಆಡಿ ಎಂಟರಲ್ಲೂ ಸೋತಿತು. ಹೊಡೆದದ್ದು 7 ಗೋಲು, ಬಿಟ್ಟುಕೊಟ್ಟದ್ದು 27. ನಾನು ನಾಲ್ಕು ಸಾಲಿನಲ್ಲಿ ಮುಗಿಸಿದ್ದು ಆ ಎಂಟರಲ್ಲಿ ಮೊದಲನೆಯದನ್ನು. ಬಾರ್ಸಿಲೋನವನ್ನು ಸೋಲಿಸಿದ್ದ ಊರು, ದೊಡ್ಡವರ ಹಣದ ಎದುರು ಈಗ ಒಂದು ಅಂಕಕ್ಕೂ ಪರದಾಡಿತು.

ಒಟ್ಟು ಲೆಕ್ಕ ಹಾಕಿದರೆ ಜೆಕೊಸ್ಲೊವಾಕಿಯದಲ್ಲಿ 8, ಯುದ್ಧಕಾಲದ ರಾಜ್ಯದಲ್ಲಿ 4, ಇಂದಿನ ಸ್ಲೊವಾಕಿಯದಲ್ಲಿ 2025ರವರೆಗೆ 15. ಒಟ್ಟು 27 ಲೀಗ್ ಪ್ರಶಸ್ತಿಗಳು. ಊರು ಬಿಟ್ಟು ಕದಲದ ಒಂದೇ ಕ್ಲಬ್ಬು ಮೂರು ದೇಶಗಳ ಚಾಂಪಿಯನ್ ಆಗಿದೆ. ಕೂಡಿಸುವುದು ಸುಲಭ, ಆದರೆ ಈ ಮೂರು ಅಂಕಿಗಳ ತೂಕ ಒಂದೇ ಅಲ್ಲ.

ಮೈಸೂರಿನ ಆ ಹಿರಿಯರಿಗೆ ನಾನು ಉತ್ತರ ಬರೆದೆ, ತಪ್ಪಾಯಿತೆಂದು ಒಪ್ಪಿಕೊಂಡೆ. ಪತ್ರಿಕೆಯಲ್ಲಿ ಒಂದು ಸಾಲಿನ ತಿದ್ದುಪಡಿಯೂ ಬಂತು. ಒಂದು ಸಾಲಿಗೆ ಹಿಡಿಸದೆ ಉಳಿದದ್ದನ್ನು ಇಂದು ನಿಮ್ಮ ಮುಂದೆ ಹೇಳಿದ್ದೇನೆ.